ಪ್ರತಿಕ್ರಿಯೆ: ಸದಸ್ಯರ ವೋಟಿಲ್ಲದೆ ಥೆರೆಸಾ ಮೇ ಗೆದ್ದದ್ದು

ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಡಬೇಕೇ ಎಂಬ ಬ್ರೆಕ್ಸಿಟ್ ಜನಮತದ ನಂತರ ಪಕ್ಷದ ಸದಸ್ಯರು ಒಂದು ವೋಟೂ ಹಾಕದೆ ಥೆರೆಸಾ ಮೇ ಹೇಗೆ ಪ್ರಧಾನಿಯಾದರು ಅಂತ ಕೇಳಿದ್ದೀರಿ. ಆಗ ಅಧಿಕಾರದಲ್ಲಿದ್ದದ್ದು ಕನ್ಸರ್ವೇಟಿವ್ ಪಕ್ಷ, ಅದರ ನಾಯಕರಾದವರೇ ಪ್ರಧಾನಿ. ಆ ಪಕ್ಷದಲ್ಲಿ ನಾಯಕರನ್ನು ಆರಿಸಲು ಮೊದಲು ಸಂಸದರು ಸುತ್ತು ಸುತ್ತಾಗಿ ಮತ ಹಾಕಿ ಇಬ್ಬರನ್ನು ಉಳಿಸುತ್ತಾರೆ, ಅವರಲ್ಲಿ ಒಬ್ಬರನ್ನು ಸದಸ್ಯರು ಆರಿಸಬೇಕು. 2016ರ ಜುಲೈ 7ರಂದು ಮೇಗೆ 199, ಆಂಡ್ರಿಯಾ ಲೆಡ್ಸಮ್‌ಗೆ 84, ಮೈಕೆಲ್ ಗೋವ್‌ಗೆ 46 ಮತ ಬಿದ್ದವು. ಗೋವ್ ಹೊರಬಿದ್ದರು. ನಾಯಕ ಸ್ಥಾನದ ಆಕಾಂಕ್ಷಿಯಾಗಿದ್ದ ಬೋರಿಸ್ ಜಾನ್ಸನ್ ಜೊತೆಗಿದ್ದು, ಕೊನೇ ಗಳಿಗೆಯಲ್ಲಿ ಕೈಕೊಟ್ಟು ತಾವೇ ಕಣಕ್ಕಿಳಿದಿದ್ದನ್ನು ಸಂಸದರು ಕ್ಷಮಿಸಲಿಲ್ಲ ಅಂತಲೇ ನನ್ನ ಅನಿಸಿಕೆ.

ತಾಯಿಯಾದ ತಮಗೆ ದೇಶದ ಭವಿಷ್ಯದ ಬಗ್ಗೆ ಹೆಚ್ಚು ಕಾಳಜಿಯಿದೆ ಎಂಬರ್ಥ ಬರುವಂತೆ ಮಾತಾಡಿದ ಲೆಡ್ಸಮ್, ಮಕ್ಕಳಿಲ್ಲದ ಮೇ ಅವರ ಕ್ಷಮೆ ಕೇಳಬೇಕಾಯಿತು. ಸಂಸದರ ಬೆಂಬಲ ಸಾಲದೆಂದು ಜುಲೈ 11ಕ್ಕೆ ಹಿಂದೆ ಸರಿದರು. ಕಣದಲ್ಲಿ ಉಳಿದದ್ದು ಮೇ ಒಬ್ಬರೇ! ಎರಡೇ ದಿನಕ್ಕೆ ಅವರು ಪ್ರಧಾನಿ.