ನಮ್ಮಂಥ ಸಣ್ಣ ಊರಿನಲ್ಲಿ ಫುಟ್‌ಪಾತ್ ಸುಧಾರಣೆ ಎಲ್ಲಿಂದ ಶುರು ಮಾಡಬೇಕು?

ಬಸ್ ಸ್ಟ್ಯಾಂಡಿನಿಂದ ಸರ್ಕಾರಿ ಆಸ್ಪತ್ರೆಯವರೆಗಿನ ಒಂದೇ ದಾರಿ ಹಿಡಿಯಿರಿ. ಊರಿಡೀ ಒಟ್ಟಿಗೆ ಹೊರಟರೆ ಯಾವುದೂ ಮುಗಿಯುವುದಿಲ್ಲ.

ಸಣ್ಣ ಊರುಗಳಲ್ಲಿ ಚರಂಡಿ ಮೇಲಿನ ಚಪ್ಪಡಿಯೇ ಫುಟ್‌ಪಾತ್, ಅಲ್ವಾ? ಹಾಗಾಗಿ ಮೊದಲು ಒಡೆದ, ಅಲುಗಾಡುವ ಚಪ್ಪಡಿಗಳನ್ನು ಬದಲಿಸಬೇಕು. ಇದಕ್ಕೆ ಖರ್ಚೂ ಜಾಸ್ತಿ ಆಗುವುದಿಲ್ಲ. ನಮ್ಮ ಬೀದಿಯಲ್ಲಿ ಕೋಲೂರಿಕೊಂಡು ಬರುವ ಅಜ್ಜಿಯೊಬ್ಬರು ಅಂಥ ಒಂದು ಚಪ್ಪಡಿ ಹತ್ತಿರ ಬಂದ ಕೂಡಲೇ ರಸ್ತೆಗೆ ಇಳಿಯುತ್ತಾರೆ, ಹಿಂದಿನಿಂದ ಲಾರಿ ಬರುತ್ತಿದ್ದರೂ. ನೋಡಿದರೆ ಎದೆ ಝಲ್ಲೆನ್ನುತ್ತದೆ.

ಅಳತೆಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 103 ಎಂಬ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿ ನೋಡಿ: ಕಂಬ, ಬೋರ್ಡು ಬಿಟ್ಟು ನಡೆಯಲು ಕನಿಷ್ಠ 1.8 ಮೀಟರ್ ಅಗಲ, ರಸ್ತೆಯಿಂದ ಎತ್ತರ 15 ಸೆಂ.ಮೀ. ಒಳಗೆ. ವೀಲ್‌ಚೇರ್‌ಗೆ ರ‍್ಯಾಂಪ್ 1:12 ಇಳಿಜಾರಿನಲ್ಲಿರಲಿ, ಅಂದರೆ 12 ಅಡಿ ಉದ್ದಕ್ಕೆ 1 ಅಡಿ ಏರು. ಸುಮ್ನೆ ಸಿಮೆಂಟ್ ಬಳಿದರೆ ಅದು ಜಾರುಬಂಡೆ ಆಗುತ್ತದೆ.