8 ಜಿಬಿ ರ‍್ಯಾಮ್ ಇದ್ದರೂ 3.25 ಮಾತ್ರ ಏಕೆ?

ಪ್ರಶ್ನೆ: ಅಂಗಡಿಯ ಕೋರ್ 2 ಡ್ಯುಯೋ ಕಂಪ್ಯೂಟರಿನಲ್ಲಿ 32 ಬಿಟ್ ವಿಂಡೋಸ್ 10 ಇದೆ. 8 ಜಿಬಿ ರ‍್ಯಾಮ್ ಹಾಕಿಸಿದರೂ ಬಳಕೆಗೆ 3.25 ಜಿಬಿ ಎಂದೇ ತೋರಿಸುತ್ತದೆ. ರ‍್ಯಾಮ್ ಕೆಟ್ಟಿದೆಯೇ?

ಉತ್ತರ: ಇಲ್ಲ. 32 ಬಿಟ್ ವಿಂಡೋಸ್ 10ರ ಮಿತಿ 4 ಜಿಬಿ. ಅದರಲ್ಲೂ ಒಂದು ಪಾಲು ಗ್ರಾಫಿಕ್ಸ್ ಮುಂತಾದವಕ್ಕೆ ಮೀಸಲು. ನಿಮ್ಮ ಪ್ರೊಸೆಸರ್ 64 ಬಿಟ್‌ನದೇ, ಹಾಗಾಗಿ 64 ಬಿಟ್ ವಿಂಡೋಸ್‌ಗೆ ಬದಲಿಸಿದರೆ ಸಾಕು. ಆದರೆ ಇದ್ದದ್ದರ ಮೇಲೆಯೇ ಅಪ್‌ಗ್ರೇಡ್ ಆಗದು, ಹೊಸದಾಗಿಯೇ ಹಾಕಬೇಕು. ಮೊದಲು ಕಡತಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲಿಸಿ. ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಶನ್ ಟೂಲ್ ಎಂಬ ತಂತ್ರಾಂಶದಿಂದ 8 ಜಿಬಿ ಪೆನ್‌ಡ್ರೈವ್‌ಗೆ ವಿಂಡೋಸ್ ತುಂಬಿಸುವಾಗ ‘ಈ ಪಿಸಿಗೆ ಶಿಫಾರಸು ಮಾಡಿದ ಆಯ್ಕೆಗಳು’ ಎಂಬಲ್ಲಿನ ಟಿಕ್ ತೆಗೆದು 64 ಬಿಟ್ ಆರಿಸಿ. ಎಡವುವುದು ಹೆಚ್ಚಾಗಿ ಇಲ್ಲೇ. ಆವೃತ್ತಿ (ಹೋಮ್ ಅಥವಾ ಪ್ರೊ) ಅದೇ ಇದ್ದರೆ ಹಳೆಯ ಲೈಸೆನ್ಸ್ ನಡೆಯುತ್ತದೆ.

ಪ್ರಿಂಟರಿಗೆ 64 ಬಿಟ್ ಡ್ರೈವರ್ ಸಿಗುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಡಾಸ್ ಕಾಲದ ಬಿಲ್ಲಿಂಗ್ ತಂತ್ರಾಂಶವಿದ್ದರೆ 64 ಬಿಟ್‌ನಲ್ಲಿ ತೆರೆಯುವುದೇ ಇಲ್ಲ. ಡಾಸ್ ತಂತ್ರಾಂಶಗಳನ್ನು ಓಡಿಸುವ ಡಾಸ್‌ಬಾಕ್ಸ್‌ನಲ್ಲಿ ಹಾಕಿ ನೋಡಿ.

ಒಂದು ಮಾತು: ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರ 24ಎಚ್2 ಎಂಬ ಬಿಡುಗಡೆ ಈ ಪ್ರೊಸೆಸರಿನಲ್ಲಿ ಬೂಟ್ ಕೂಡ ಆಗದು. ಈ ಕಂಪ್ಯೂಟರಿನ ಮೇಲೆ ಇನ್ನಷ್ಟು ದುಡ್ಡು ಸುರಿಯಬೇಡಿ.