ಸುದ್ದಿ ಬಿಟ್ಟು ಸೀರೀಸ್ ಹಿಡಿದರೆ ತಪ್ಪಾ?

ನಮಸ್ಕಾರ. ಟಿವಿ ಚರ್ಚೆಗಳ ಗಲಾಟೆ ತಡೆಯಲಾರದೆ ರಾತ್ರಿ ಸೀರೀಸ್ ನೋಡ್ತಾ ಕೂರ್ತೀನಿ, ಮನೆಯವರು ಇದನ್ನ ಪಲಾಯನ ಅಂತಾರೆ, ಮಲಗೋದು ಎರಡು ಗಂಟೆಯಾಗುತ್ತೆ ಅಂತ ಬರೆದಿದ್ದೀರಿ.

ನೋಡೋದು ತಪ್ಪಲ್ಲ ಬಿಡಿ. ನಾಲ್ಕು ಜನ ಒಟ್ಟಿಗೇ ಕಿರುಚಿದರೆ ಬಿಪಿ ಏರುತ್ತೆ, ವಿಷಯ ಮಾತ್ರ ತಲೆಗೆ ಹತ್ತಲ್ಲ. ನೀರು ಮೇಲಕ್ಕೆತ್ತಿ ಮತ್ತೆ ಇಳಿಸಿ ಕರೆಂಟ್ ಮಾಡುವ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ, ಅಂಕೋಲಾದ ಕೇಣಿ ಬಂದರು ಯೋಜನೆ, ಇಂಥ ನಮ್ಮ ಉತ್ತರ ಕನ್ನಡ ಜಿಲ್ಲೆಯ ಸಂಗತಿ ಅಲ್ಲಿ ಬರೋದೇ ಅಪರೂಪ. ಬೆಳಿಗ್ಗೆ ಚಾ ಕುಡೀತಾ ಪೇಪರ್ ಓದಿದರೆ ಸಾಕು.

ತೊಂದರೆ ಇರೋದು ಎರಡು ಗಂಟೆಯಲ್ಲಿ. ಒಂದು ಕಂತು ಮುಗಿಯೋದರೊಳಗೆ ಮುಂದಿನದು ತಾನಾಗೇ ಶುರುವಾಗುತ್ತಲ್ಲ, ಆ ಆಟೋಪ್ಲೇ ಆಫ್ ಮಾಡಿ. ನೆಟ್‌ಫ್ಲಿಕ್ಸ್‌ನಲ್ಲಾದರೆ ಬ್ರೌಸರ್‌ನಲ್ಲಿ ಲಾಗಿನ್ ಆಗಿ, ನಿಮ್ಮ ಪ್ರೊಫೈಲ್‌ನ ಪ್ಲೇಬ್ಯಾಕ್ ಸೆಟ್ಟಿಂಗ್ಸ್‌ನಲ್ಲಿ ಟಿಕ್ ತೆಗೆಯಬೇಕು. ಕೊಲೆ, ತನಿಖೆಯ ಕಥೆಗಳು ಕಂತಿನ ಕೊನೆಗೆ ಮುಂದೇನು ಅಂತ ಕುತ್ತಿಗೆ ಹಿಡಿದು ಕೂರಿಸ್ತವೆ. ಮಲಗೋ ಹೊತ್ತಿಗೆ ಅವು ಬೇಡವೇ ಬೇಡ. ಕಂತಿಗೊಂದು ಕಥೆ ಮುಗಿಯುವಂಥದ್ದು ಹುಡುಕಿ. ನಮ್ಮ ಹೊನ್ನಾವರ ಕಡೆಯ ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' ಬಹುಪಾಲು ಅಂಥದ್ದು, ಕಂತು ಅರ್ಧ ಗಂಟೆಯೂ ಇಲ್ಲ. ಹಳ್ಳಿ ಕಥೆಯ ಹಿಂದಿ ಸೀರೀಸ್ 'ಪಂಚಾಯತ್' ಕೂಡ ತಣ್ಣಗಿದೆ, ಆದರೆ 2025ರ ನಾಲ್ಕನೇ ಸೀಸನ್ ತುಂಬ ಪಂಚಾಯ್ತಿ ಎಲೆಕ್ಷನ್ನೇ! ರಾಜಕೀಯದಿಂದ ಓಡಿಹೋಗಿ ಮತಗಟ್ಟೆಗೇ ಬಂದು ನಿಂತಂತಾಗುತ್ತೆ.

ಮನೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಬೈಯೋದು ಅರ್ಧ ಕಡಿಮೆಯಾಗುತ್ತೆ. ಮಳೆಗಾಲದಲ್ಲಿ ಹಗಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ನಮ್ಮ ಶಿರಸಿ ಕಡೆಯಂತೂ ಕರೆಂಟ್ ಹೋದರೆ ಅದರ ಹಿಂದೆಯೇ ನೆಟ್ಟೂ ಹೋಗುತ್ತೆ.